ಮೈಸೂರಿನಲ್ಲಿ ಒಂದು ದಿನ: ಮೊದಲು ಬೆಟ್ಟ, ಆಮೇಲೆ ದೋಸೆ, ಕತ್ತಲಾದ ಮೇಲೆ ಮತ್ತೆ ಅರಮನೆ

ಮೈಸೂರು ನೋಡಲು ಒಂದು ದಿನ ಸಾಕು. ಆದರೆ ಹೆಚ್ಚಿನವರ ಪಟ್ಟಿಯಲ್ಲಿರುವ ಎರಡು ಜಾಗಗಳನ್ನು ಮೊದಲೇ ಕೈಬಿಡಬೇಕು: ಮೃಗಾಲಯ ಮತ್ತು ಕೆಆರ್‌ಎಸ್ ಬೃಂದಾವನ. ಎರಡೂ ಚೆನ್ನಾಗಿವೆ, ತೊಂದರೆ ಇರುವುದು ಸಮಯದ್ದು. ಮೃಗಾಲಯವನ್ನು ಸರಿಯಾಗಿ ಸುತ್ತಲು ಮೂರು ಗಂಟೆ ಬೇಕು. ಬೃಂದಾವನ ಊರಿನಿಂದ ಸುಮಾರು 20 ಕಿ.ಮೀ. ದೂರ, ಕಾರಂಜಿ ನಡೆಯುವುದು ಕತ್ತಲಾದ ಮೇಲೆ. ಅಲ್ಲಿಗೆ ಹೋದರೆ ಇಡೀ ಸಂಜೆ ಅದಕ್ಕೇ ಮೀಸಲು. ಒಂದೇ ದಿನದಲ್ಲಿ ಎಲ್ಲವನ್ನೂ ತೋರಿಸುವ ಪ್ಯಾಕೇಜ್ ಬಸ್ಸುಗಳಲ್ಲಿ ಅರಮನೆಗೆ ಸಿಗುವುದು ಅವಸರದ ಒಂದು ಸುತ್ತು, ಊಟಕ್ಕೆ ಸಿಗುವುದು ಹೆದ್ದಾರಿ ಬದಿಯ ಹೋಟೆಲು. ಮೈಸೂರಿಗೆ ಹೋಗಿ ಮೈಸೂರಿನ ತಿಂಡಿ ತಿನ್ನದೆ ಬರುವುದು ದೊಡ್ಡ ನಷ್ಟ.

ಇಲ್ಲಿ ಹೇಳುತ್ತಿರುವುದು ಚಾಮುಂಡಿ ಬೆಟ್ಟ ಮತ್ತು ಊರ ನಡುವಿನ ಕೆ.ಆರ್. ಸರ್ಕಲ್ಲಿನ ಸುತ್ತ ಎರಡು ಕಿ.ಮೀ. ಒಳಗಿನ ಮೈಸೂರು. ಬೆಟ್ಟ ಬಿಟ್ಟರೆ ಉಳಿದದ್ದೆಲ್ಲ ನಡಿಗೆಯಲ್ಲಿ ಅಥವಾ ಸಣ್ಣ ಆಟೋ ಪ್ರಯಾಣದಲ್ಲಿ ಮುಗಿಯುತ್ತದೆ.

ಕ್ರಮವನ್ನು ನಿರ್ಧರಿಸುವುದು ಬಾಗಿಲು ತೆರೆಯುವ ಮತ್ತು ಮುಚ್ಚುವ ಹೊತ್ತು. ಚಾಮುಂಡೇಶ್ವರಿ ದೇವಸ್ಥಾನದ ದರ್ಶನ ಬೆಳಿಗ್ಗೆ 7.30ರಿಂದ ಮಧ್ಯಾಹ್ನ 2, ಮತ್ತೆ 3.30ರಿಂದ ಸಂಜೆ 6, ಅಭಿಷೇಕ ಮುಗಿದು 7.30ರಿಂದ ರಾತ್ರಿ 9ರವರೆಗೆ. ಅರಮನೆ ಬೆಳಿಗ್ಗೆ 10ಕ್ಕೆ ತೆರೆದು ಸಂಜೆ 5.30ಕ್ಕೆ ಮುಚ್ಚುತ್ತದೆ. ದೀಪಾಲಂಕಾರ ಭಾನುವಾರ ಮತ್ತು ಸರ್ಕಾರಿ ರಜೆಗಳಂದು ಸಂಜೆ 7ಕ್ಕೆ. ಈ ಮೂರನ್ನು ತಲೆಯಲ್ಲಿಟ್ಟುಕೊಂಡರೆ ದಿನ ತಾನಾಗಿಯೇ ಜೋಡಣೆಯಾಗುತ್ತದೆ.

ಯಾವ ದಿನ ಹೋಗಬೇಕು

ಭಾನುವಾರ. ಜನ ಜಾಸ್ತಿ, ನಿಜ. ಆದರೆ ಸುಮಾರು 97 ಸಾವಿರ ಬಲ್ಬುಗಳು ಒಟ್ಟಿಗೆ ಹತ್ತಿಕೊಂಡು ಮುಕ್ಕಾಲು ಗಂಟೆ ಉರಿಯುವುದನ್ನು ನೋಡಲು ಸಿಗುವ ದಿನ ಅದು. ವಾರದ ಉಳಿದ ದಿನಗಳಲ್ಲಿ ಸಂಜೆ ಧ್ವನಿ-ಬೆಳಕಿನ ಕಾರ್ಯಕ್ರಮವಿದ್ದು, ಅದರ ಕೊನೆಗೆ ಸ್ವಲ್ಪ ಹೊತ್ತು ಮಾತ್ರ ಪೂರ್ತಿ ದೀಪ ಹಾಕುತ್ತಾರೆ.

ದಸರೆಯ ಹತ್ತು ದಿನ ದಸರೆಗಾಗಿಯೇ ಹೋಗಿ, ಊರು ನೋಡಲು ಬೇಡ. ಆಷಾಢದ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಲಲಿತಮಹಲ್ ಬಳಿ ವಾಹನ ನಿಲ್ಲಿಸಿ ಬಸ್ಸಿನಲ್ಲೇ ಹೋಗಬೇಕು, ಸಾಲು ಗಂಟೆಗಟ್ಟಲೆ ಇರುತ್ತದೆ. ಉಳಿದ ತಿಂಗಳುಗಳಲ್ಲೂ ಮಂಗಳವಾರ, ಶುಕ್ರವಾರ ದೇವಿಯ ದರ್ಶನಕ್ಕೆ ಜನ ಹೆಚ್ಚು.

ಸಾಧ್ಯವಿದ್ದರೆ ಶನಿವಾರ ರಾತ್ರಿಯೇ ಊರು ಸೇರಿಕೊಳ್ಳಿ. ಬೆಂಗಳೂರಿನಿಂದ ಅದೇ ಬೆಳಿಗ್ಗೆ ಹೊರಟು 9 ಗಂಟೆಗೆ ಇಳಿಯುವವರು ಬೆಟ್ಟವನ್ನು ಮಧ್ಯಾಹ್ನಕ್ಕೆ ಹಾಕಿಕೊಳ್ಳಬೇಕಾಗುತ್ತದೆ. ಅದರ ಕ್ರಮ ಕೊನೆಯಲ್ಲಿದೆ.

ಮುಂಜಾನೆ 6: ಮೆಟ್ಟಿಲು

ರಸ್ತೆಯಲ್ಲಿ ಬೆಟ್ಟ ಊರಿನಿಂದ ಸುಮಾರು 13 ಕಿ.ಮೀ. ಆದರೆ ಬೆಟ್ಟದ ಪಾದ ಅಷ್ಟು ದೂರವಿಲ್ಲ, ಊರ ನಡುವಿನಿಂದ ಆಟೋದಲ್ಲಿ ಕಾಲು ಗಂಟೆ. ‘ಮೆಟ್ಟಿಲು ಹತ್ತುವ ಕಡೆ, ಬೆಟ್ಟದ ಪಾದಕ್ಕೆ’ ಎಂದು ಬಿಡಿಸಿ ಹೇಳಿ. ಬರೀ ‘ಬೆಟ್ಟಕ್ಕೆ’ ಎಂದರೆ ಮೇಲಿನವರೆಗಿನ ಬಾಡಿಗೆ ಕೇಳುತ್ತಾರೆ.

ಮೆಟ್ಟಿಲುಗಳು 1008 ಎಂಬ ಲೆಕ್ಕ. ದಿನವೂ ನಡೆಯುವ ಅಭ್ಯಾಸವಿದ್ದವರು 40 ನಿಮಿಷದಲ್ಲಿ ಹತ್ತುತ್ತಾರೆ, ಇಲ್ಲದವರು ಒಂದು ಗಂಟೆ ಇಟ್ಟುಕೊಳ್ಳಿ. ಬೆಳಕು ಹರಿಯುವ ಮೊದಲು ಹೊರಡಬೇಡಿ. ಬೆಟ್ಟದ ಕಾಡಿನಲ್ಲಿ ಚಿರತೆಗಳಿವೆ. ಡಿಸೆಂಬರ್–ಜನವರಿಯಲ್ಲಿ 6.30ಕ್ಕೆ, ಬೇಸಿಗೆಯಲ್ಲಿ 6ಕ್ಕೆ ಮೊದಲ ಮೆಟ್ಟಿಲಿನ ಬಳಿ ಇದ್ದರೆ ಸರಿ. ಎಂಟು ಗಂಟೆಯ ನಂತರ ಶುರುಮಾಡಿದರೆ ಬಿಸಿಲಿನಲ್ಲಿ ಕಲ್ಲು ಕಾಯಲಾರಂಭಿಸುತ್ತದೆ, ಬರಿಗಾಲಲ್ಲಿ ಹತ್ತುವ ಹರಕೆ ಇದ್ದವರಿಗಂತೂ ಬಹಳ ಕಷ್ಟ.

ತಲೆಗೆ ಅರ್ಧ ಲೀಟರ್ ನೀರು ಸಾಕು, ಅದೂ ಚೀಲದ ಒಳಗಿರಲಿ. ಕೋತಿಗಳು ಕೈಯಲ್ಲಿರುವ ಪ್ಲಾಸ್ಟಿಕ್ ಕವರನ್ನು ತಿಂಡಿಯೆಂದೇ ತಿಳಿಯುತ್ತವೆ. ತೆಂಗಿನಕಾಯಿ, ಬಾಳೆಹಣ್ಣು ಇರುವ ಪೂಜೆ ಕವರು ಹಿಡಿದು ನಡೆದರೆ ಕಸಿದುಕೊಳ್ಳುವುದು ಖಚಿತ. ಪೂಜೆ ಸಾಮಾನು ಮೇಲೆಯೇ ಸಿಗುತ್ತದೆ, ಕೆಳಗಿನಿಂದ ಹೊರುವುದು ಬೇಡ.

ಸುಮಾರು 700 ಮೆಟ್ಟಿಲು ಆದ ಮೇಲೆ ನಂದಿ ಸಿಗುತ್ತದೆ. ದೊಡ್ಡದೇವರಾಜ ಒಡೆಯರ ಕಾಲದ್ದು, ಅಂದರೆ 17ನೇ ಶತಮಾನದ ಕೆಲಸ. ಎತ್ತರ ಸುಮಾರು 15 ಅಡಿ, ಉದ್ದ 24 ಅಡಿ, ಒಂದೇ ಕಲ್ಲು. ಮುಖದ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಎಲ್ಲರೂ ಮುಂದೆ ಹೋಗುತ್ತಾರೆ. ಒಮ್ಮೆ ಸುತ್ತು ಬಂದು ಕೊರಳಿನ ಗಂಟೆಸರಗಳನ್ನು ಬದಿಯಿಂದ ನೋಡಿ, ಕೆತ್ತನೆಯ ಸೂಕ್ಷ್ಮ ಇರುವುದು ಅಲ್ಲಿ. ಬೆಳಿಗ್ಗೆ ಏಳರ ಹೊತ್ತಿಗೆ ಜನವಿರುವುದಿಲ್ಲ. ರಸ್ತೆಯಲ್ಲಿ ಬರುವ ಪ್ರವಾಸಿ ವಾಹನಗಳು ಇಲ್ಲಿಗೆ ತಲುಪುವುದು ತಡವಾಗಿ.

ಮೇಲೆ 7.30ಕ್ಕೆ ಬಾಗಿಲು ತೆರೆದಾಗಲೇ ಸಾಲಿನಲ್ಲಿದ್ದರೆ ಭಾನುವಾರವೂ ಅರ್ಧ ಗಂಟೆಯೊಳಗೆ ದರ್ಶನವಾಗುತ್ತದೆ, ಹತ್ತರ ನಂತರ ಈ ಲೆಕ್ಕ ನಡೆಯುವುದಿಲ್ಲ. ಏಳು ಅಂತಸ್ತಿನ ಗೋಪುರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದದ್ದು. ಪಕ್ಕದಲ್ಲೇ ಮಹಾಬಲೇಶ್ವರ ದೇವಸ್ಥಾನವಿದೆ, ಚಾಮುಂಡೇಶ್ವರಿ ಗುಡಿಗಿಂತ ಹಳೆಯದು. ಬಂದವರಲ್ಲಿ ಬಹುಪಾಲು ಜನ ಅತ್ತ ತಿರುಗುವುದೇ ಇಲ್ಲ. ಹತ್ತು ನಿಮಿಷ ಅಲ್ಲಿ ಕೂತು ದಣಿವಾರಿಸಿಕೊಳ್ಳಿ.

ಇಳಿಯುವಾಗ ಮೆಟ್ಟಿಲು ಬೇಡ. ಹತ್ತುವಾಗ ಸೋಲುವುದು ಉಸಿರು, ಇಳಿಯುವಾಗ ಸೋಲುವುದು ಮಂಡಿ, ಮತ್ತು ಇಡೀ ದಿನದ ನಡಿಗೆ ಇನ್ನೂ ಬಾಕಿಯಿದೆ. 201ನೇ ನಂಬರಿನ ಬಸ್ಸು ಬೆಟ್ಟದಿಂದ ಕೆ.ಆರ್. ಸರ್ಕಲ್ ಬಳಿಯ ಸಿಟಿ ಬಸ್ ನಿಲ್ದಾಣಕ್ಕೆ ಬರುತ್ತದೆ, ಅರ್ಧ ಗಂಟೆಯಿಂದ 40 ನಿಮಿಷ. ಸಾಮಾನ್ಯ ಬಸ್ಸಿನಲ್ಲಿ ಕರ್ನಾಟಕದ ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಉಚಿತ ಪ್ರಯಾಣವಿದೆ, ಆಧಾರ್ ಅಥವಾ ವಿಳಾಸವಿರುವ ಬೇರೆ ಗುರುತಿನ ಚೀಟಿ ಜೊತೆಗಿರಲಿ. ಎ.ಸಿ. ಬಸ್ಸಿಗೆ ಅದು ಅನ್ವಯಿಸುವುದಿಲ್ಲ.

9 ಗಂಟೆ: ನಜರಬಾದಿನ ದೋಸೆ

ಬಸ್ಸಿಳಿದು ಆಟೋ ಹಿಡಿದು ನಜರಬಾದಿಗೆ. ‘ಮೈಲಾರಿ’ ಎಂದರೆ ಸಾಕು. ಅಲ್ಲಿ ಹತ್ತಿರ ಹತ್ತಿರದಲ್ಲೇ ಅದೇ ಹೆಸರಿನ ಎರಡು ಹೋಟೆಲುಗಳಿವೆ, ಎರಡೂ ತಮ್ಮದೇ ಮೂಲ ಎನ್ನುತ್ತವೆ. ಯಾವುದು ಹೆಚ್ಚು ಎಂಬುದರಲ್ಲಿ ಮೈಸೂರಿನವರಿಗೇ ಒಮ್ಮತವಿಲ್ಲ, ಹಾಗಾಗಿ ಜಾಗ ಎಲ್ಲಿ ಬೇಗ ಸಿಗುತ್ತದೋ ಅಲ್ಲಿ ಕೂರಿ.

ಈ ದೋಸೆಯ ಬಗ್ಗೆ ಮೊದಲೇ ತಿಳಿದಿರಬೇಕಾದದ್ದು: ಇದು ಗರಿಗರಿ ಅಲ್ಲ. ಬೆಂಗಳೂರಿನ ಕೆಂಪಗೆ ಹುರಿದ ಮಸಾಲೆ ದೋಸೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ‘ಇನ್ನೂ ಸ್ವಲ್ಪ ರೋಸ್ಟ್ ಮಾಡಿ’ ಎನ್ನುತ್ತಾರೆ. ಮೈಲಾರಿ ದೋಸೆ ಮೆತ್ತಗೆ, ಅಂಗೈಗಿಂತ ಸ್ವಲ್ಪ ದೊಡ್ಡದು, ಮೇಲೆ ಬೆಣ್ಣೆ, ಒಳಗೆ ಈರುಳ್ಳಿಯ ಸಾಗು, ಜೊತೆಗೆ ತೆಂಗಿನಕಾಯಿ ಚಟ್ನಿ. ರುಚಿ ಇರುವುದೇ ಆ ಮೆತ್ತನೆಯಲ್ಲಿ. ಬಂದ ಕೂಡಲೇ ತಿನ್ನಬೇಕು. ಫೋಟೊ ತೆಗೆಯುತ್ತ ಐದು ನಿಮಿಷ ಕಳೆದರೆ ಬೆಣ್ಣೆ ಗಟ್ಟಿಯಾಗಿ ದೋಸೆ ಭಾರವೆನಿಸುತ್ತದೆ. ಒಬ್ಬರಿಗೆ ಎರಡು ಬೇಕೇ ಬೇಕು, ಬೆಟ್ಟ ಹತ್ತಿ ಬಂದವರಿಗೆ ಮೂರು. ಕೂತಾಗಲೇ ಎರಡನ್ನೂ ಹೇಳಿಬಿಡಿ. ಒಂದು ತಿಂದಾದ ಮೇಲೆ ಮತ್ತೊಂದಕ್ಕೆ ಹೇಳಿದರೆ ಕಾವಲಿಯ ಮುಂದಿನ ಸರದಿಗೆ ಕಾಯಬೇಕು.

ಟೇಬಲ್ಲು ಹಂಚಿಕೊಂಡು ಕೂರುವುದು, ತಿನ್ನುತ್ತಿರುವವರ ಪಕ್ಕದಲ್ಲೇ ಕಾಯುತ್ತ ನಿಲ್ಲುವುದು ಇಲ್ಲಿ ವಾಡಿಕೆ, ಯಾರೂ ತಪ್ಪು ತಿಳಿಯುವುದಿಲ್ಲ. ಆರು ಜನರ ಗುಂಪಾದರೆ ಒಟ್ಟಿಗೆ ಜಾಗ ಸಿಗಲೆಂದು ಕಾಯಬೇಡಿ, ಇಬ್ಬಿಬ್ಬರಾಗಿ ಒಡೆದುಕೊಳ್ಳಿ. ಗರಿಗರಿ ದೋಸೆಯೇ ಬೇಕೆನ್ನುವವರು ಚಾಮುಂಡಿಪುರಂನ ಜಿ.ಟಿ.ಆರ್.ಗೆ, ಅಂದರೆ ಗಾಯತ್ರಿ ಟಿಫಿನ್ ರೂಮಿಗೆ ಹೋಗಲಿ. ಬೆಳಿಗ್ಗೆಯೇ ಮಟನ್ ಪಲಾವ್ ತಿನ್ನುವ ಮಂದಿಗೆ ಮಂಡಿ ಮೊಹಲ್ಲಾದ ಹನುಮಂತು ಹೋಟೆಲ್ ಇದೆ, ಆದರೆ ಅದನ್ನು ತಿಂದು ಅರಮನೆಯಲ್ಲಿ ಎರಡು ಗಂಟೆ ನಡೆಯುವುದು ಸುಲಭವಲ್ಲ.

10 ಗಂಟೆ: ಅರಮನೆ

ಟಿಕೆಟ್ ಕೊಂಡು ಒಳಗೆ ಹೋಗುವುದು ದಕ್ಷಿಣದ ವರಾಹ ದ್ವಾರದಿಂದ. ಆಟೋದವರಿಗೆ ಹಾಗೆಯೇ ಹೇಳಿ. ಉತ್ತರದ ಬಾಗಿಲಿನ ಕಡೆ ಇಳಿದರೆ ಕೋಟೆಯ ಹೊರಸುತ್ತು ನಡೆಯಬೇಕು. ಹತ್ತಕ್ಕೆ ಬಾಗಿಲು ತೆರೆದ ಮೊದಲ ಗಂಟೆಯೇ ಒಳ್ಳೆಯದು. ಹನ್ನೊಂದೂವರೆಗೆ ಶಾಲೆಮಕ್ಕಳ ಮತ್ತು ಪ್ಯಾಕೇಜ್ ಬಸ್ಸುಗಳು ಒಟ್ಟಿಗೆ ಬಂದು ಸೇರುತ್ತವೆ. ಇನ್ನೊಂದು ಕಾರಣ ಬೆಳಕು. ಅರಮನೆಯ ಮುಖ ಪೂರ್ವಕ್ಕಿದೆ. ಮಧ್ಯಾಹ್ನದವರೆಗೆ ಬಿಸಿಲು ಮುಂಭಾಗಕ್ಕೆ ಬೀಳುತ್ತದೆ, ಆಮೇಲೆ ಸೂರ್ಯ ಹಿಂದಕ್ಕೆ ಸರಿದು ಕಟ್ಟಡ ಕಪ್ಪಗೆ ಕಾಣುತ್ತದೆ. ಹೊರಗಿನ ಫೋಟೊ ಏನಿದ್ದರೂ ಒಳಗೆ ಹೋಗುವ ಮೊದಲೇ ಮುಗಿಸಿ.

ಚಪ್ಪಲಿ ಬಿಡಲು ಸ್ಟ್ಯಾಂಡ್ ಇದೆ. ಬೇಸಿಗೆಯಲ್ಲಿ ಅಂಗಳದ ಕಲ್ಲು ಸುಡುತ್ತದೆ, ಒಂದು ಜೊತೆ ಕಾಲುಚೀಲ ಇಟ್ಟುಕೊಂಡರೆ ಮಕ್ಕಳಿಗೂ ವಯಸ್ಸಾದವರಿಗೂ ಉಪಕಾರ. ದೊಡ್ಡ ಬ್ಯಾಗು ವಸತಿಯಲ್ಲೇ ಇರಲಿ.

ಒಂದಿಷ್ಟು ಹಿನ್ನೆಲೆ ಗೊತ್ತಿದ್ದರೆ ನೋಡುವುದು ಬೇರೆಯಾಗುತ್ತದೆ. ಇಲ್ಲಿದ್ದ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆಯ ಸಮಯದಲ್ಲಿ ಬೆಂಕಿಗೆ ಆಹುತಿಯಾಯಿತು. ಹೊಸದನ್ನು ರೂಪಿಸಿದವರು ಹೆನ್ರಿ ಇರ್ವಿನ್. 1912ರಲ್ಲಿ ಮುಗಿಯುವ ಹೊತ್ತಿಗೆ ಆದ ಖರ್ಚು 41 ಲಕ್ಷ ರೂಪಾಯಿಗೂ ಮೇಲೆ. ಬೆಂಕಿಯ ಭಯ ಹೊಸ ಕಟ್ಟಡದಲ್ಲಿ ಎಲ್ಲೆಲ್ಲೂ ಕಾಣುತ್ತದೆ: ಕಲ್ಲು, ಇಟ್ಟಿಗೆ, ಎರಕದ ಕಬ್ಬಿಣ ಮುಂದೆ ಬಂದಿವೆ, ಮರ ಬಾಗಿಲಿಗೂ ಅಲಂಕಾರಕ್ಕೂ ಸರಿದಿದೆ.

ಒಳಗಿನ ದಾರಿ ಒಮ್ಮುಖ. ಮುಂದೆ ಹೋದ ಮೇಲೆ ಹಿಂದೆ ಬರಲು ಬಿಡುವುದಿಲ್ಲ, ಹಾಗಾಗಿ ಎಲ್ಲಿ ನಿಲ್ಲಬೇಕು ಎಂದು ಮೊದಲೇ ಗೊತ್ತಿರಬೇಕು.

ಮೊದಲು ಸಿಗುವುದು ಗೊಂಬೆ ತೊಟ್ಟಿ. ಚಿನ್ನದ ಅಂಬಾರಿ ಇರುವುದು ಈ ಭಾಗದಲ್ಲಿ. ಅದರ ತೂಕ ಸುಮಾರು 750 ಕೆ.ಜಿ., ಮರದ ಚೌಕಟ್ಟಿನ ಮೇಲೆ ಚಿನ್ನದ ತಗಡು. ವಿಜಯದಶಮಿಯಂದು ಆನೆಯ ಬೆನ್ನ ಮೇಲೆ ಸಾಗುವುದು ಇದೇ. ಜನ ಗಾಜಿನ ಮುಂದೆ ಮುತ್ತಿಕೊಳ್ಳುತ್ತಾರೆ, ಒಂದು ನಿಮಿಷ ತಡೆದರೆ ಗುಂಪು ಸರಿಯುತ್ತದೆ.

ಆಮೇಲೆ ಕಲ್ಯಾಣ ಮಂಟಪ. ಇಲ್ಲಿ ಕಡಿಮೆಯೆಂದರೂ ಇಪ್ಪತ್ತು ನಿಮಿಷ ನಿಲ್ಲಿ. ಎಂಟು ಮೂಲೆಯ ಸಭಾಂಗಣ, ಗ್ಲಾಸ್ಗೊದಿಂದ ತರಿಸಿದ ಎರಕದ ಕಬ್ಬಿಣದ ಕಂಬಗಳು, ಮೇಲೆ ನವಿಲುಗಳ ಬಣ್ಣದ ಗಾಜಿನ ಗುಮ್ಮಟ. ಎಲ್ಲರೂ ಮೇಲೆ ನೋಡುತ್ತಾರೆ, ಕೆಳಗೂ ನೋಡಿ. ನೆಲದ ಟೈಲ್ಸಿನಲ್ಲಿ ಗುಮ್ಮಟದ ನವಿಲಿನ ವಿನ್ಯಾಸವೇ ಮರುಕಳಿಸಿದೆ. ಸುತ್ತಲಿನ ಗೋಡೆಗಳಲ್ಲಿ ದಸರಾ ಮೆರವಣಿಗೆಯ 26 ಚಿತ್ರಗಳಿವೆ. ಮೈಸೂರಿನ ಕಲಾವಿದರು 1930–40ರ ದಶಕಗಳಲ್ಲಿ ಬರೆದದ್ದು. ಅವುಗಳನ್ನು ಒಂದರ ನಂತರ ಒಂದರಂತೆ ಗೋಡೆಯುದ್ದಕ್ಕೂ ನೋಡುತ್ತ ಹೋದರೆ ಮೆರವಣಿಗೆ ಬೀದಿಯಲ್ಲಿ ಸಾಗುತ್ತಿರುವುದು ತಿಳಿಯುತ್ತದೆ. ಸೈನಿಕರ ಸಮವಸ್ತ್ರ, ಹಿಂದಿನ ಕಟ್ಟಡಗಳು, ನೋಡಲು ನಿಂತ ಜನರ ಮುಖ ಎಲ್ಲವೂ ನಿಖರವಾಗಿವೆ. ಅರಮನೆಯಲ್ಲಿ ಅತಿ ಹೆಚ್ಚು ಅವಸರಕ್ಕೆ ಸಿಕ್ಕಿ ತಪ್ಪಿಹೋಗುವುದು ಈ ಗೋಡೆಗಳೇ.

ಮೇಲಿನ ಮಹಡಿಯಲ್ಲಿ ಸಾರ್ವಜನಿಕ ದರ್ಬಾರ್ ಹಾಲ್, ಪೂರ್ವಕ್ಕೆ ಪೂರ್ತಿ ತೆರೆದಿದೆ. ಕಂಬಗಳ ಸಾಲನ್ನು ಒಂದು ತುದಿಯಿಂದ ಕರ್ಣರೇಖೆಯಲ್ಲಿ ನೋಡಬೇಕು. ಹಿಂದಿನ ಗೋಡೆಯ ಮೇಲೆ ರಾಜಾ ರವಿವರ್ಮನ ದೇವತಾ ಚಿತ್ರಗಳಿವೆ. ಕೊನೆಗೆ ಅಂಬಾವಿಲಾಸ, ಖಾಸಗಿ ದರ್ಬಾರು. ಬೀಟೆ ಮರದಲ್ಲಿ ದಂತ ಕೂಡಿಸಿದ ಬಾಗಿಲುಗಳು, ಬೆಳ್ಳಿಯ ಬಾಗಿಲು. ರತ್ನಸಿಂಹಾಸನ ಉಳಿದ ದಿನ ಕಾಣುವುದಿಲ್ಲ, ದಸರೆಗೆ ಮಾತ್ರ ಅದನ್ನು ಜೋಡಿಸುತ್ತಾರೆ.

ಹೊರಬಂದ ಮೇಲೆ ಕೋಟೆಯೊಳಗಿನ ಶ್ವೇತ ವರಾಹಸ್ವಾಮಿ ದೇವಸ್ಥಾನಕ್ಕೆ ಹೋಗಿ. ದಿವಾನ್ ಪೂರ್ಣಯ್ಯ ಹಳೆಯ ಹೊಯ್ಸಳ ಕಟ್ಟಡವೊಂದರ ಭಾಗಗಳನ್ನು ತಂದು ಕಟ್ಟಿಸಿದ್ದು. ಬಾಗಿಲವಾಡ ಮತ್ತು ಕಂಬಗಳನ್ನು ನೋಡಿದರೆ ಬೇಲೂರು, ಹಳೇಬೀಡಿನ ಕೈಗಳ ನೆನಪಾಗುತ್ತದೆ. ಇದಕ್ಕೆ ಟಿಕೆಟ್ಟೂ ಇಲ್ಲ, ನೂಕುನುಗ್ಗಲೂ ಇಲ್ಲ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಹಾಗಾಗಿ ಹನ್ನೆರಡರ ಒಳಗೆ ಹೋಗಿ.

ಗೈಡ್ ಬೇಕೆ? ಬೇಕಾದರೆ ಗುರುತಿನ ಚೀಟಿ ತೋರಿಸಿದವರನ್ನೇ ಕರೆದು, ಮೊತ್ತ, ಸಮಯ, ಭಾಷೆ ಮೂರನ್ನೂ ಹೊರಗೇ ಮಾತಾಡಿಕೊಳ್ಳಿ. ಅಂಗಡಿಗೆ ಕರೆದೊಯ್ಯುವುದು ಬೇಡವೆಂದೂ ಆಗಲೇ ಹೇಳಿ.

ಮಧ್ಯಾಹ್ನದ ಊಟ

ಗಾಂಧಿ ಚೌಕ, ಎಲ್ಲರೂ ಕರೆಯುವಂತೆ ಗಾಂಧಿ ಸ್ಕ್ವೇರ್, ಅರಮನೆಯ ಉತ್ತರಕ್ಕೆ ಹತ್ತು ನಿಮಿಷದ ನಡಿಗೆ. ದಾರಿಯಲ್ಲೇ ದೊಡ್ಡ ಗಡಿಯಾರ. 75 ಅಡಿ ಎತ್ತರದ ಈ ಗೋಪುರವನ್ನು 1927ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ ಕಟ್ಟಿದ್ದು.

ಚೌಕದಲ್ಲಿ ಎರಡು ದಾರಿ. ಮಾಂಸಾಹಾರಿಗಳಿಗೆ ಆರ್‌ಆರ್‌ಆರ್: ಬಾಳೆಲೆಯ ಮೇಲೆ ಆಂಧ್ರ ಊಟ, ಬಿರಿಯಾನಿ. ಖಾರ ಕಡಿಮೆ ಮಾಡುವುದಿಲ್ಲ. ಮಕ್ಕಳಿದ್ದರೆ ಮೊಸರು ಮೊದಲೇ ಹೇಳಿಡಿ. ಭಾನುವಾರ ಒಂದು ಗಂಟೆಯ ನಂತರ ಮೆಟ್ಟಿಲ ಮೇಲೆ ಸಾಲು ನಿಲ್ಲುತ್ತದೆ, 12.30ಕ್ಕೆ ಹೋದರೆ ಜಾಗ ಸಿಗುತ್ತದೆ. ಸಸ್ಯಾಹಾರಿಗಳಿಗೆ ಹಳೆಯ ದಾಸಪ್ರಕಾಶ್ ಇದೆ. ಬೆಳಿಗ್ಗೆ ಬೆಣ್ಣೆ ದೋಸೆ ಮೂರು ಆಗಿದ್ದರೆ ಪೂರ್ತಿ ಊಟ ಬೇಡ, ಅನ್ನ-ಸಾರು-ಮೊಸರು ಸಾಕು. ಸಂಜೆಗೆ ಹೊಟ್ಟೆಯಲ್ಲಿ ಜಾಗ ಬೇಕು.

ಬಿಸಿಲಿನ ಹೊತ್ತು

ಎರಡರಿಂದ ಮೂರೂವರೆಯವರೆಗೆ ನೆರಳಿನ ಜಾಗ ಜಗನ್ಮೋಹನ ಅರಮನೆ. ದೊಡ್ಡ ಅರಮನೆಯ ಪಶ್ಚಿಮಕ್ಕೆ, ನಡೆದೇ ಹೋಗಬಹುದು. 1861ರಲ್ಲಿ ಮುಮ್ಮಡಿಯವರು ಕಟ್ಟಿಸಿದ್ದು. ಮರದ ಅರಮನೆ ಸುಟ್ಟ ಮೇಲೆ ರಾಜಮನೆತನ ವಾಸವಿದ್ದದ್ದು ಇಲ್ಲೇ, 1902ರಲ್ಲಿ ನಾಲ್ವಡಿಯವರಿಗೆ ಅಧಿಕಾರ ವಹಿಸಿಕೊಟ್ಟ ಸಮಾರಂಭ ನಡೆದದ್ದೂ ಇಲ್ಲೇ. ಈಗ ಜಯಚಾಮರಾಜೇಂದ್ರ ಚಿತ್ರಶಾಲೆ. ಎಸ್.ಎಲ್. ಹಳದಣ್ಕರ್ ಬರೆದ ದೀಪ ಹಿಡಿದ ಹೆಣ್ಣಿನ ಜಲವರ್ಣ ಚಿತ್ರವನ್ನು ಕತ್ತಲ ಕೋಣೆಯಲ್ಲಿ ಇಟ್ಟಿದ್ದಾರೆ. ಬಿಸಿಲಿನಿಂದ ನೇರ ಒಳಗೆ ಹೋದರೆ ಕಣ್ಣಿಗೆ ಹಿಡಿಯುವುದಿಲ್ಲ, ಎರಡು ನಿಮಿಷ ನಿಂತರೆ ಬೆರಳುಗಳ ಸಂದಿಯಿಂದ ಬರುವ ಬೆಳಕು ತಾನಾಗಿ ಕಾಣಿಸುತ್ತದೆ. ರವಿವರ್ಮನ ಮೂಲ ಚಿತ್ರಗಳಿವೆ, ಗಂಜೀಫಾ ಎಂಬ ಹಳೆಯ ಇಸ್ಪೀಟಿನ ಎಲೆಗಳಿವೆ. ಕೆಲವು ಕೋಣೆಗಳಲ್ಲಿ ಬೆಳಕಿನ ವ್ಯವಸ್ಥೆ ಇಷ್ಟು ಒಳ್ಳೆಯ ಸಂಗ್ರಹಕ್ಕೆ ತಕ್ಕಂತಿಲ್ಲ, ಆದರೂ ಬಿಡಬಾರದು.

ಹೊರಗೆ ಬಂದು ಒಂದು ಕಾಫಿ.

4 ಗಂಟೆ: ದೇವರಾಜ ಮಾರುಕಟ್ಟೆ

ದಕ್ಷಿಣದ ತುದಿಯಲ್ಲಿ 1886ರ ಚಿಕ್ಕ ಗಡಿಯಾರ, ಉತ್ತರದ ತುದಿಯಲ್ಲಿ ಧನ್ವಂತ್ರಿ ರಸ್ತೆ, ಪಕ್ಕದಲ್ಲಿ ಸಯ್ಯಾಜಿರಾವ್ ರಸ್ತೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ ಉತ್ತರಕ್ಕೆ ನಡೆಯಿರಿ. 2016ರಲ್ಲಿ ಕಟ್ಟಡದ ಒಂದು ಭಾಗ ಕುಸಿದಿತ್ತು. ಬಿರುಕು ಬಿಟ್ಟ, ಆಸರೆ ಕೊಟ್ಟ ಕಮಾನುಗಳ ಕೆಳಗೆ ನಿಲ್ಲಬೇಡಿ. ಇಂಥ ಮಾರುಕಟ್ಟೆಯನ್ನು ಕೆಡವದೆ ದುರಸ್ತಿ ಮಾಡಿ ಉಳಿಸಬೇಕೆಂದು ಮೈಸೂರಿನವರು ವರ್ಷಗಳಿಂದ ಕೇಳುತ್ತಿದ್ದಾರೆ, ಒಮ್ಮೆ ಒಳಗೆ ನಡೆದವರಿಗೆ ಏಕೆಂದು ಗೊತ್ತಾಗುತ್ತದೆ.

ಹೂವಿನ ಸಾಲಿನಲ್ಲಿ ಮೈಸೂರು ಮಲ್ಲಿಗೆ. ಬೇಸಿಗೆಯ ತಿಂಗಳುಗಳಲ್ಲಿ ಹೆಚ್ಚು, ಅಗ್ಗ. ಮೊಳದ ಲೆಕ್ಕದಲ್ಲಿ ಮಾರುತ್ತಾರೆ, ಅಳೆಯುವ ಕೈ ಮಾರುವವರದು ಎಂಬುದು ನೆನಪಿರಲಿ. ಅರಳಿದ್ದನ್ನು ಕೊಳ್ಳಬೇಡಿ. ಸಂಜೆ ಕೊಂಡ ಬಿಗಿ ಮೊಗ್ಗು ರಾತ್ರಿ ಅರಳಿ ಬೆಳಗಿನವರೆಗೂ ಪರಿಮಳ ಕೊಡುತ್ತದೆ. ಬಾಳೆಲೆಯಲ್ಲಿ ಸುತ್ತಿ ಕೊಡಲು ಹೇಳಿ, ಪ್ಲಾಸ್ಟಿಕ್ಕಿನಲ್ಲಿ ಬೆವತು ಕಂದುತ್ತದೆ.

ಹಣ್ಣಿನ ಸಾಲಿನಲ್ಲಿ ನಂಜನಗೂಡು ರಸಬಾಳೆ ಕೇಳಿ. ಸೊರಗು ರೋಗ ಬಂದು ಬೆಳೆಯುವ ಪ್ರದೇಶ ಬಹಳ ಕುಗ್ಗಿದೆ, ಹಾಗಾಗಿ ಬೆಲೆ ಏಲಕ್ಕಿಗಿಂತ ಹೆಚ್ಚು, ಬೇರೆ ಹಣ್ಣನ್ನು ಆ ಹೆಸರಲ್ಲಿ ಕೊಡುವುದೂ ಉಂಟು. ನಿಜವಾದದ್ದು ಕುಳ್ಳಗೆ, ದಪ್ಪ, ಪರಿಮಳ ಜೋರು. ಚೆನ್ನಾಗಿ ಮಾಗಿದಾಗ ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬರುತ್ತವೆ. ಒಂದು ಹಣ್ಣು ಕೊಂಡು ಅಲ್ಲೇ ತಿಂದು ನೋಡಿ, ಆಮೇಲೆ ಚಿಪ್ಪು ಕೊಳ್ಳಿ. ವೀಳ್ಯದೆಲೆಯ ಸಾಲಿನಲ್ಲಿ ಮೈಸೂರು ಚಿಗುರೆಲೆ ಎಂದು ಕೇಳಿದರೆ ನಯವಾದ, ಖಾರವಿಲ್ಲದ ಎಲೆಯ ಕಟ್ಟು ಕೊಡುತ್ತಾರೆ. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ಮೂರ್ನಾಲ್ಕು ದಿನ ಬಾಳುತ್ತದೆ.

ಇಲ್ಲಿ ಮೋಸ ಎರಡು ರೀತಿಯದು. ಮೊದಲನೆಯದು, ‘ಅಗರಬತ್ತಿ ಮಾಡುವುದನ್ನು ತೋರಿಸುತ್ತೇನೆ, ದುಡ್ಡು ಬೇಡ’ ಎಂದು ಹಿಂದಿನ ಗಲ್ಲಿಗೆ ಕರೆದೊಯ್ಯುವವರು. ಕೊನೆಗೆ ತಲುಪುವುದು ಸುಗಂಧ ತೈಲದ ಅಂಗಡಿಗೆ. ಅಪ್ಪಟ ಶ್ರೀಗಂಧದ ಎಣ್ಣೆ ಬಹಳ ದುಬಾರಿ, ನೂರಿನ್ನೂರು ರೂಪಾಯಿಗೆ ಶೀಶೆ ತುಂಬ ಕೊಟ್ಟರೆ ಅದು ಶ್ರೀಗಂಧವಲ್ಲ. ಎರಡನೆಯದು, ‘ಸಿಲ್ಕ್ ಫ್ಯಾಕ್ಟರಿ’ ಎಂದು ಕಮಿಷನ್ ಅಂಗಡಿಗೆ ಬಿಡುವ ಆಟೋಗಳು. ಮೈಸೂರು ರೇಷ್ಮೆ ಸೀರೆ ಸರ್ಕಾರಿ ಸಂಸ್ಥೆ ಕೆಎಸ್‌ಐಸಿಯ ಮಳಿಗೆಯಲ್ಲೇ ಕೊಳ್ಳಬೇಕು. ಅದರ ಕಾರ್ಖಾನೆ ಮಾನಂದವಾಡಿ ರಸ್ತೆಯಲ್ಲಿದೆ, 1912ರಲ್ಲಿ ಆರಂಭವಾದದ್ದು. ಪ್ರತಿ ಸೀರೆಗೂ ಅದರದೇ ಸಂಕೇತ ಸಂಖ್ಯೆ ನೇಯ್ದಿರುತ್ತದೆ, ಹಾಲೊಗ್ರಾಮ್ ಇರುತ್ತದೆ. ಅವೆರಡೂ ಇಲ್ಲದಿದ್ದರೆ ಅಂಗಡಿಯವರು ಎಷ್ಟೇ ಹೇಳಿದರೂ ಅದು ಬೇರೆ ರೇಷ್ಮೆ.

ಮೈಸೂರು ಪಾಕ್

ಸಯ್ಯಾಜಿರಾವ್ ರಸ್ತೆಗೆ ಮುಖಮಾಡಿರುವ ಮಾರುಕಟ್ಟೆಯ ಬದಿಯಲ್ಲಿ ಗುರು ಸ್ವೀಟ್ ಮಾರ್ಟ್. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಚಿಕ್ಕ ಮಳಿಗೆ, ಕೂರಲು ಜಾಗವಿಲ್ಲ, ರಸ್ತೆಯಲ್ಲಿ ನಿಂತೇ ಕೊಳ್ಳಬೇಕು.

ಕಡಲೆಹಿಟ್ಟು, ಸಕ್ಕರೆ, ತುಪ್ಪ ಮೂರೇ. ಕುದಿಯುವ ಪಾಕದಲ್ಲಿ ಹಿಟ್ಟು ಬೇಯುವಾಗ ಕಾದ ತುಪ್ಪ ಸುರಿದಂತೆಲ್ಲ ಅದು ಉಬ್ಬಿ ನೊರೆಯಾಗಿ ಗೂಡುಗಳು ಬೀಳುತ್ತವೆ. ತಟ್ಟೆಯಲ್ಲಿ ದಪ್ಪಗೆ ಸುರಿದಾಗ ನಡುವೆ ಬಿಸಿ ಉಳಿದು ಅಲ್ಲಿ ಬಣ್ಣ ಗಾಢವಾಗುತ್ತದೆ. ಕತ್ತರಿಸಿದ ತುಂಡಿನ ಮಧ್ಯೆ ಕಂದುಪಟ್ಟೆ ಕಂಡರೆ ಹೆದರಬೇಡಿ, ಚೆನ್ನಾಗಿ ಆಗಿದೆ ಎಂದರ್ಥ. ಮೊದಲು ನೂರು ಗ್ರಾಂ ಕೊಂಡು ತಿನ್ನಿ. ಒಯ್ಯುವುದಾದರೆ ರಟ್ಟಿನ ಡಬ್ಬಿ ಕೇಳಿ, ಕಾರಿನ ಬಿಸಿಲಿಗೆ ಇಡಬೇಡಿ, ತುಪ್ಪ ಕರಗಿ ಡಬ್ಬಿಯ ತಳ ಒದ್ದೆಯಾಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ತುಪ್ಪ ಹೆಪ್ಪುಗಟ್ಟಿ ಬಾಯಿಗೆ ಮೇಣ ಹತ್ತಿದಂತಾಗುತ್ತದೆ. ಹೊರಗೇ, ತಂಪು ಜಾಗದಲ್ಲಿ ಇಟ್ಟು ಒಂದು ವಾರದೊಳಗೆ ಮುಗಿಸಿ.

ಸಂಜೆ

ಐದೂವರೆಗೆ ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಆಟೋದಲ್ಲಿ ಅಶೋಕ ರಸ್ತೆಯ ಸಂತ ಫಿಲೋಮಿನಾ ಚರ್ಚಿಗೆ. ನಾಲ್ವಡಿಯವರು 1933ರಲ್ಲಿ ಅಡಿಗಲ್ಲು ಹಾಕಿದ್ದು, ಗೋಪುರಗಳು 175 ಅಡಿ. ಪ್ರಾರ್ಥನೆ ನಡೆಯುತ್ತಿದ್ದರೆ ಹಿಂದೆಯೇ ನಿಂತು ನೋಡಿ. ಅರ್ಧ ಗಂಟೆ ಸಾಕು. ದಣಿದಿದ್ದರೆ ಇದನ್ನು ಬಿಟ್ಟು ನೇರ ಅರಮನೆಯ ಕಡೆ ಬನ್ನಿ.

6.30ಕ್ಕೆ ಅರಮನೆಯ ಸುತ್ತ ಚುರುಮುರಿ ಗಾಡಿಗಳು ಬಂದಿರುತ್ತವೆ. ಕಡ್ಲೆಪುರಿ, ಕ್ಯಾರೆಟ್ ತುರಿ, ಈರುಳ್ಳಿ, ಕೊತ್ತಂಬರಿ, ಮೇಲಿಷ್ಟು ಖಾರದೆಣ್ಣೆ, ಕಾಲವಾದರೆ ಮಾವಿನಕಾಯಿ. ನಿಪ್ಪಟ್ಟು ಪುಡಿ ಹಾಕಿಸಿಕೊಳ್ಳಿ. ಕಲಸಿದ ಎರಡು ಮೂರು ನಿಮಿಷಕ್ಕೆ ಪುರಿ ಮೆತ್ತಗಾಗುತ್ತದೆ, ಹಾಗಾಗಿ ನಾಲ್ಕು ಜನಕ್ಕೆ ಒಟ್ಟಿಗೆ ಕೊಳ್ಳದೆ ತಿನ್ನುವಾಗ ಒಂದೊಂದೇ ಕೊಳ್ಳಿ.

ದೀಪ ನೋಡಲು ಎರಡು ಕಡೆ ಒಳ್ಳೆಯದು. ಒಂದು, ಅಂಗಳದೊಳಗೆ ಪೂರ್ವದ ಮುಂಭಾಗದ ಎದುರು. ಇನ್ನೊಂದು, ಹೊರಗೆ ಜಯಮಾರ್ತಾಂಡ ದ್ವಾರದ ಎದುರಿನ ರಸ್ತೆ, ದ್ವಾರದ ಕಮಾನಿನೊಳಗೆ ಅರಮನೆ ನೇರ ಕೂರುತ್ತದೆ. ಒಳಗೆ ಹೋಗುವುದಾದರೆ 6.40ಕ್ಕೇ ಹೋಗಿ, ಏಳಕ್ಕೆ ಬಾಗಿಲಲ್ಲಿ ನೂಕಾಟ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಏಳು ಗಂಟೆಗೆ ಆಕಾಶದಲ್ಲಿ ಇನ್ನೂ ನೀಲಿ ಇರುತ್ತದೆ. ಫೋಟೊಗೆ ಮೊದಲ ಹತ್ತು ನಿಮಿಷವೇ ಸರಿ, ಆಮೇಲೆ ಹಿನ್ನೆಲೆ ಕಪ್ಪಾಗಿ ದೀಪ ಬೆಳ್ಳಗೆ ಒಡೆಯುತ್ತದೆ. ಫ್ಲ್ಯಾಶ್ ಆಫ್ ಮಾಡಿ, ಪರದೆಯಲ್ಲಿ ಅರಮನೆಯನ್ನು ಒತ್ತಿಹಿಡಿದು ಬೆಳಕನ್ನು ಸ್ವಲ್ಪ ಕೆಳಗಿಳಿಸಿ. ಉಳಿದ ಅರ್ಧ ಗಂಟೆ ಫೋನು ಜೇಬಿನಲ್ಲಿರಲಿ.

ರಾತ್ರಿಯೂಟ ಹಗುರವಾಗಿ ಸಾಕು. ಸಯ್ಯಾಜಿರಾವ್ ರಸ್ತೆಯ ಇಂದ್ರ ಕೆಫೆ ಪ್ಯಾರಾಸ್ ಹತ್ತಿರದಲ್ಲಿದೆ. ದೀಪ ಆರಿದ ಕೂಡಲೇ ಎಲ್ಲರೂ ಅಲ್ಲಿಗೇ ಹೋಗುತ್ತಾರೆ, 7.40ಕ್ಕೆ ಹೊರಟುಬಿಡಿ.

ಬೆಳಿಗ್ಗೆ 9ಕ್ಕೆ ಬಂದಿಳಿಯುವವರಿಗೆ

ನಿಲ್ದಾಣದಿಂದ ನೇರ ನಜರಬಾದಿನ ದೋಸೆಗೆ, 10.30ಕ್ಕೆ ಅರಮನೆ, ಒಂದಕ್ಕೆ ಊಟ, ಎರಡಕ್ಕೆ ಜಗನ್ಮೋಹನ. ಮೂರಕ್ಕೆ ಸಿಟಿ ಬಸ್ ನಿಲ್ದಾಣದಿಂದ 201 ಹಿಡಿದರೆ 3.40ರ ಹೊತ್ತಿಗೆ ಬೆಟ್ಟದ ಮೇಲಿರುತ್ತೀರಿ, ದರ್ಶನ ಆಗತಾನೇ ಶುರುವಾಗಿರುತ್ತದೆ. ಮೆಟ್ಟಿಲು ಬಿಡಬೇಕಾಗುತ್ತದೆ. ಬಸ್ಸಿನಲ್ಲಿ ಹೋದವರು ನಂದಿಗಾಗಿ ಮೇಲಿನಿಂದ ಸುಮಾರು 300 ಮೆಟ್ಟಿಲು ಇಳಿದು ಮತ್ತೆ ಹತ್ತಬೇಕು, ಇಲ್ಲವೇ ಕೆಳಗಿನವರೆಗೂ ಇಳಿದು ಆಟೋ ಹಿಡಿಯಬೇಕು. ಐದಕ್ಕೆ ಬೆಟ್ಟ ಬಿಟ್ಟರೆ ಮಾರುಕಟ್ಟೆಗೆ ಮುಕ್ಕಾಲು ಗಂಟೆ ಸಿಗುತ್ತದೆ, ಚರ್ಚ್ ಬಿಡಿ. ಹಿಂದಿನ ರಾತ್ರಿಯೇ ಬಂದವರು, ಚಿಕ್ಕ ಮಕ್ಕಳಿದ್ದು ಮೃಗಾಲಯ ನೋಡಲೇಬೇಕೆಂದರೆ ಬೆಟ್ಟದ ಬದಲು ಅದನ್ನು ಬೆಳಿಗ್ಗೆ 8.30ಕ್ಕೆ ಹಾಕಿಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ಪ್ರಾಣಿಗಳು ಮಲಗಿರುತ್ತವೆ. ಮಂಗಳವಾರ ರಜೆ.

ಬೆಂಗಳೂರಿಗೆ ಭಾನುವಾರ ರಾತ್ರಿ ಮರಳುವವರು ರೈಲಿನ ಟಿಕೆಟ್ ಮೊದಲೇ ಮಾಡಿಸಿ. ಕಾರಿನಲ್ಲಿ ಹೋಗುವುದಾದರೆ ಹೆದ್ದಾರಿ ಸಲೀಸು, ಕೆಂಗೇರಿ ಸೇರುವಾಗ ವಾಹನಗಳು ಗಂಟು ಹಾಕಿಕೊಳ್ಳುತ್ತವೆ. ಊಟ ಮುಗಿಸಿ ಒಂಬತ್ತರ ನಂತರ ಹೊರಡುವುದೇ ವಾಸಿ. ಬೈಕಿನವರಿಗೆ ಆಗಸ್ಟ್ 2023ರಿಂದ ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲೇ ಬರಬೇಕು, ಅದಕ್ಕೆ ಒಂದು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ.